ಕೊಂಕ್: ಚಿಪ್ಪಿನೊಳಗಿನ ಊರಿಗೆ ಐದು ದಿನ

ದಕ್ಷಿಣ ಫ್ರಾನ್ಸಿನ ಅವೆರೋನ್ ಜಿಲ್ಲೆಯಲ್ಲಿ ಕೊಂಕ್ ಎಂಬ ಸಣ್ಣ ಊರಿದೆ. ಪ್ರವಾಸಿ ಬಸ್ಸುಗಳಲ್ಲಿ ಬರುವವರು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಇಳಿದು, ಇಗರ್ಜಿಯ ಮುಂಬಾಗಿಲಿನ ಚಿತ್ರ ತೆಗೆದು, ಊಟ ಮುಗಿಸಿ ಮೂರಕ್ಕೆಲ್ಲ ಹೊರಟುಬಿಡುತ್ತಾರೆ. ಊರನ್ನು ತಪ್ಪಾಗಿ ನೋಡಲು ಇದಕ್ಕಿಂತ ಸುಲಭದ ದಾರಿಯಿಲ್ಲ. ಆ ಮುಂಬಾಗಿಲು ಪಶ್ಚಿಮಕ್ಕೆ ಮುಖ ಮಾಡಿದೆ. ಬೆಳಿಗ್ಗೆಯೆಲ್ಲ ನೆರಳಿನಲ್ಲಿದ್ದು, ಬಿಸಿಲು ಬೀಳುವ ಹೊತ್ತಿಗೆ ಬಸ್ಸು ಹೊರಟಿರುತ್ತದೆ. ಒಳಗಿನ ಗಾಜಿನ ಕಿಟಕಿಗಳ ಬೆಳಕು ಗಂಟೆಗೊಮ್ಮೆ ಬದಲಾಗುತ್ತದೆ, ಅದಕ್ಕೂ ಸಮಯ ಬೇಕು. ಕತ್ತಲಾದ ಮೇಲೆ ನಡೆಯುವುದಂತೂ ಉಳಿದುಕೊಂಡವರಿಗೆ ಮಾತ್ರ. ಅದಕ್ಕೇ ಇಲ್ಲಿ ಐದು ದಿನಗಳ ಲೆಕ್ಕ ಕೊಟ್ಟಿದೆ. ಕೊನೆಯ ಮೂವತ್ತೈದು ಕಿಲೋಮೀಟರನ್ನು ಯಾತ್ರಿಕರು ಸಾವಿರ ವರ್ಷದಿಂದ ಮಾಡಿದಂತೆ ಕಾಲ್ನಡಿಗೆಯಲ್ಲೇ ಮುಗಿಸುವ ಲೆಕ್ಕ ಇದು.

ಕಾಲ: ಏಪ್ರಿಲ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದವರೆಗೆ. ಚಳಿಗಾಲದಲ್ಲಿ ದಾರಿಯ ತಂಗುಮನೆಗಳಲ್ಲಿ ಬಹಳಷ್ಟು ಮುಚ್ಚಿರುತ್ತವೆ. ಮೇ ಮತ್ತು ಸೆಪ್ಟೆಂಬರಿನಲ್ಲಿ ನಡೆಯುವವರ ಸಂಖ್ಯೆ ಹೆಚ್ಚು, ಹಾಸಿಗೆ ಕಡಿಮೆ. ತಿಂಗಳುಗಳ ಮೊದಲೇ ಕಾಯ್ದಿರಿಸದಿದ್ದರೆ ಕೊಂಕ್‌ನಲ್ಲಿ ರಾತ್ರಿ ಜಾಗ ಸಿಗುವುದು ಕಷ್ಟ.

ಮೊದಲ ದಿನ: ರೊಡೆಜ್

ಬೆಂಗಳೂರಿನಿಂದ ಪ್ಯಾರಿಸ್‌ಗೆ ನೇರ ವಿಮಾನವಿದೆ. ಅಲ್ಲಿಂದ ಮುಂದಕ್ಕೆ ಎರಡು ದಾರಿ. ಆಸ್ಟರ್ಲಿಟ್ಸ್ ನಿಲ್ದಾಣದಿಂದ ರೊಡೆಜ್‌ಗೆ ರಾತ್ರಿ ರೈಲು ಹಿಡಿಯಬಹುದು. ಅದು ಹಳಿ ದುರಸ್ತಿಯ ಕಾರಣಕ್ಕೆ ಆಗಾಗ ರದ್ದಾಗುವುದುಂಟು. ಹೊರಡುವ ವಾರವೂ ಒಮ್ಮೆ ನೋಡಿಕೊಳ್ಳಬೇಕು. ಇಲ್ಲವೇ ಟುಲೂಸ್ ತಲುಪಿ, ಅಲ್ಲಿಂದ ಸುಮಾರು ಎರಡೂವರೆ ಗಂಟೆಯ ಪ್ರಾದೇಶಿಕ ರೈಲಿನಲ್ಲಿ ಬರಬಹುದು.

ರೊಡೆಜ್ ಜಿಲ್ಲೆಯ ಮುಖ್ಯ ಪಟ್ಟಣ. ಇಲ್ಲಿ ಒಂದು ದಿನ ನಿಲ್ಲುವುದಕ್ಕೆ ಎರಡು ಕಾರಣಗಳಿವೆ. ಎರಡೂ ಕೊಂಕ್‌ಗೆ ಕಣ್ಣು ಸಿದ್ಧಮಾಡುವ ಕಾರಣಗಳೇ.

ಮೊದಲನೆಯದು ಕಲ್ಲು. 1277ರಲ್ಲಿ ಆರಂಭವಾದ ಇಲ್ಲಿನ ಕ್ಯಾಥೆಡ್ರಲ್ ಪೂರ್ತಿ ಕೆಂಪು ಮರಳುಗಲ್ಲಿನದು. 1526ರಲ್ಲಿ ಮುಗಿದ ಅದರ ಗಂಟೆಗೋಪುರ 87 ಮೀಟರ್ ಎತ್ತರ. ಕಬ್ಬಿಣಾಂಶದಿಂದ ಕೆಂಪಾದ ಈ ಕಲ್ಲಿನ ನೆಲವನ್ನು ಸ್ಥಳೀಯರು ರೂಜಿಯೆ ಎನ್ನುತ್ತಾರೆ. ರೊಡೆಜ್‌ಗೂ ಕೊಂಕ್‌ಗೂ ನಡುವಿನ ಮಾರ್ಸಿಯಾಕ್ ಕಣಿವೆಯ ದ್ರಾಕ್ಷಿತೋಟಗಳು ನಿಂತಿರುವುದೂ ಇದೇ ಕೆಂಪು ನೆಲದ ಮೇಲೆ. ಅಲ್ಲಿ ಬೆಳೆಯುವ ಫೆರ್ ಸೆರ್ವಾದು ತಳಿಗೆ ಊರಿನವರ ಬಾಯಲ್ಲಿ ಮಾನ್ಸ್ವಾ ಎಂಬ ಹೆಸರು. ಆ ತೋಟಗಳನ್ನು ಬೆಳೆಸಿದವರಲ್ಲಿ ಕೊಂಕ್ ಮಠದ ಸನ್ಯಾಸಿಗಳೂ ಇದ್ದರು.

ಎರಡನೆಯದು ಸೂಲಾಜ್ ಸಂಗ್ರಹಾಲಯ. ಕಪ್ಪು ಬಣ್ಣವೊಂದನ್ನೇ ಜೀವಮಾನವೆಲ್ಲ ಬೆನ್ನುಹತ್ತಿದ ಕಲಾವಿದ ಪಿಯೆರ್ ಸೂಲಾಜ್ 1919ರಲ್ಲಿ ಹುಟ್ಟಿದ್ದು ಇದೇ ಪಟ್ಟಣದಲ್ಲಿ. ಶಾಲಾ ದಿನಗಳಲ್ಲಿ ಕೊಂಕ್‌ನ ಇಗರ್ಜಿಯನ್ನು ನೋಡಿದ ಮೇಲೆಯೇ ಕಲಾವಿದನಾಗುವ ನಿರ್ಧಾರ ಮಾಡಿದೆ ಎಂದು ಅವರು ಮುಂದೆ ಹೇಳುತ್ತಿದ್ದರು. 102ನೆಯ ವಯಸ್ಸಿನಲ್ಲಿ, 2022ರಲ್ಲಿ ತೀರಿಕೊಂಡರು. ತುಕ್ಕುಬಣ್ಣದ ಉಕ್ಕಿನ ಹೊದಿಕೆಯ ಈ ಸಂಗ್ರಹಾಲಯ ತೆರೆದದ್ದು 2014ರಲ್ಲಿ. ಕೊಂಕ್‌ನ ಕಿಟಕಿಗಳಿಗಾಗಿ ಅವರು ಬರೆದ ಪೂರ್ಣಗಾತ್ರದ ನಕ್ಷೆಗಳು ಇಲ್ಲಿವೆ. ಇವನ್ನು ಮೊದಲು ನೋಡಿದರೆ ಮೂರು ದಿನದ ಮೇಲೆ ಆ ಕಪ್ಪು ಸೀಸದ ಗೆರೆಗಳು ಯಾಕೆ ಹಾಗೆ ಬಾಗಿವೆ ಎಂದು ಗೊತ್ತಾಗುತ್ತದೆ. ಸೋಮವಾರ ಬಾಗಿಲು ಮುಚ್ಚಿರುವುದುಂಟು. ರೊಡೆಜ್‌ನ ದಿನ ಸೋಮವಾರವಾಗದಂತೆ ಯೋಜನೆ ಹಾಕಿಕೊಳ್ಳಿ.

ಸಂಜೆ ಅಂಗಡಿ ಮುಚ್ಚುವ ಮೊದಲು ಎರಡು ದಿನದ ಬುತ್ತಿ ಕಟ್ಟಿಕೊಳ್ಳಬೇಕು: ಬ್ರೆಡ್ಡು, ಹಣ್ಣು, ಅಕ್ರೋಟ, ಬೇಯಿಸಿದ ಬೇಳೆಯ ಡಬ್ಬ. ಕೈಯಲ್ಲಿ ಸ್ವಲ್ಪ ನಗದೂ ಇರಲಿ. ದಾರಿಯ ಹಳ್ಳಿಗಳಲ್ಲಿ ಎಟಿಎಂ ನಂಬಿಕೊಂಡು ಹೋಗುವಂತಿಲ್ಲ.

ಎರಡನೆಯ ದಿನ: ಎಸ್ತಾಂನಿಂದ ಗೊಲಿನ್ಯಾಕ್, 14 ಕಿ.ಮೀ.

ರೊಡೆಜ್‌ನಿಂದ ಎಸ್ಪಾಲಿಯೊಂವರೆಗೆ ಬಸ್ಸು, ಅಲ್ಲಿಂದ ಎಸ್ತಾಂಗೆ ಟ್ಯಾಕ್ಸಿ. ಭಾನುವಾರ ಮತ್ತು ರಜಾದಿನಗಳಲ್ಲಿ ಬಸ್ಸು ತೀರ ಕಡಿಮೆ. ಎಸ್ತಾಂ ಲೊಟ್ ನದಿಯ ದಂಡೆಯ ಊರು. ನೆತ್ತಿಯ ಮೇಲೆ ಕೋಟೆ, ಕೆಳಗೆ ಕಮಾನುಗಳ ಹಳೆಯ ಸೇತುವೆ. ಫ್ರಾನ್ಸಿನ ಅಧ್ಯಕ್ಷರಾಗಿದ್ದ ಜಿಸ್ಕಾರ್ ದೆಸ್ತಾಂ ಆ ಕೋಟೆಯನ್ನು 2005ರಲ್ಲಿ ಕೊಂಡರು. ಹೆಸರಿಗೂ ಊರಿಗೂ ಇರುವ ನಂಟು ಕಾಣುತ್ತಲೇ ಇದೆ.

ಇಲ್ಲಿಂದ ಹಿಡಿಯುವ ದಾರಿಗೆ ಜಿ.ಆರ್. 65 ಎಂದು ಹೆಸರು. ಲ ಪ್ಯುಯಿ ಪಟ್ಟಣದಿಂದ ಹೊರಟು ಸ್ಪೇನಿನ ಸಾಂತಿಯಾಗೊ ಕಡೆಗೆ ಹೋಗುವ ಯಾತ್ರಾಪಥ ಇದು. ಲ ಪ್ಯುಯಿಯಿಂದ ಕೊಂಕ್‌ಗೆ ಸುಮಾರು 200 ಕಿ.ಮೀ., ಹತ್ತು ದಿನದ ನಡಿಗೆ. ನಾವು ಹಿಡಿದಿರುವುದು ಅದರ ಬಾಲ ಮಾತ್ರ. ಗುರುತು ಓದುವುದು ಸುಲಭ. ಮರ, ಕಲ್ಲು, ಕಂಬಗಳ ಮೇಲೆ ಬಿಳಿ ಪಟ್ಟಿ, ಅದರಡಿ ಕೆಂಪು ಪಟ್ಟಿ ಇದ್ದರೆ ಸರಿದಾರಿ. ಕೆಳಗೆ ಕೊಕ್ಕೆಯಂಥ ಗೆರೆಯಿದ್ದರೆ ಆ ಕಡೆ ತಿರುವು. ಎರಡೂ ಪಟ್ಟಿ ಕತ್ತರಿಯಂತೆ ದಾಟಿದ್ದರೆ ಆ ಕಡೆ ಹೋಗಬಾರದು. ಹತ್ತು ನಿಮಿಷ ನಡೆದರೂ ಗುರುತು ಸಿಗಲಿಲ್ಲವೆಂದರೆ ಮುಂದೆ ಹುಡುಕದೆ ಕೊನೆಯ ಗುರುತಿಗೆ ಹಿಂದಿರುಗುವುದೇ ಒಳ್ಳೆಯದು. ದಾರಿ ತಪ್ಪುವುದು ಸಾಮಾನ್ಯವಾಗಿ ಟಾರು ರಸ್ತೆ ಬಿಟ್ಟು ಕಾಲುದಾರಿ ಒಳಹೊಗುವ ಜಾಗದಲ್ಲಿ. ಮಾತಾಡುತ್ತ ನಡೆಯುವವರು ರಸ್ತೆಯಲ್ಲೇ ಮುಂದೆ ಸಾಗಿಬಿಡುತ್ತಾರೆ.

ಮೊದಲು ನದಿಯ ಪಕ್ಕ, ಆಮೇಲೆ ಏರು. ಎಸ್ತಾಂ ಸಮುದ್ರಮಟ್ಟದಿಂದ ಸುಮಾರು 320 ಮೀಟರ್, ಗೊಲಿನ್ಯಾಕ್ ಸುಮಾರು 650. ಬೆನ್ನಿನ ಚೀಲ ನೀರು ಸೇರಿ ಎಂಟು ಕಿಲೋ ಮೀರಬಾರದು.

ರಾತ್ರಿ ತಂಗುವ ಮನೆಗೆ ಝೀತ್ ಎನ್ನುತ್ತಾರೆ. ಬೂಟು, ಕೋಲು ಬಾಗಿಲ ಬಳಿಯ ಗೂಡಿನಲ್ಲಿ ಬಿಡಬೇಕು. ಚೀಲವನ್ನು ಮಂಚದ ಮೇಲೆ ಇಡುವಂತಿಲ್ಲ. ಇದು ಮಡಿಯಲ್ಲ, ತಿಗಣೆಯ ಭಯ. ಒಂದು ತಂಗುಮನೆಯಿಂದ ಇನ್ನೊಂದಕ್ಕೆ ತಿಗಣೆ ಸಾಗುವುದು ಚೀಲದ ಹೊಲಿಗೆಯಲ್ಲೇ. ಹೊದಿಕೆ ಕೊಡುತ್ತಾರೆ, ದುಪ್ಪಟಿ ಕೊಡುವುದಿಲ್ಲ. ಚೀಲದಂತೆ ಹೊಲಿದ ತೆಳು ಹತ್ತಿಬಟ್ಟೆಯನ್ನು ನಾವೇ ಒಯ್ಯಬೇಕು. ರಾತ್ರಿಯೂಟ, ಬೆಳಗಿನ ತಿಂಡಿ ಸೇರಿದ ದರಕ್ಕೆ ದೆಮಿ ಪಾನ್ಸ್ಯೊಂ ಎನ್ನುತ್ತಾರೆ. ಊಟ ಎಲ್ಲರಿಗೂ ಒಂದೇ ಮೇಜಿನಲ್ಲಿ, ಒಂದೇ ಅಡುಗೆ. ಮಾಂಸ ಮೀನು ತಿನ್ನದವರು ಜಾಗ ಕಾಯ್ದಿರಿಸುವಾಗಲೇ "ಸಾನ್ ವಿಯಾಂದ್, ಸಾನ್ ಪ್ವಾಸೊಂ" ಎಂದು ತಿಳಿಸಿರಬೇಕು. ಮೇಜಿಗೆ ಕೂತ ಮೇಲೆ ಹೇಳಿದರೆ ಬ್ರೆಡ್ಡು ಸೊಪ್ಪೇ ಗತಿ.

ಈ ಸೀಮೆಯ ಆಲಿಗೊ ಸಸ್ಯಾಹಾರಿಗಳಿಗೆ ಸಿಗುವ ಗಟ್ಟಿ ಊಟ. ಒಂದು ಕಿಲೋ ಆಲೂಗಡ್ಡೆಗೆ 400 ಗ್ರಾಂ ತೊಮ್ ಫ್ರೆಶ್ ಎಂಬ ಎಳೆಯ ಚೀಸು, ಜೊತೆಗೆ ಕೆನೆ, ಬೆಣ್ಣೆ, ಜಜ್ಜಿದ ಬೆಳ್ಳುಳ್ಳಿ. ಬೆಂದ ಆಲೂಗಡ್ಡೆಯನ್ನು ಗಂಟಿಲ್ಲದಂತೆ ಅರೆದು, ಬಿಸಿ ಆರುವ ಮೊದಲೇ ಚೀಸು ಹಾಕಿ, ಮರದ ಸೌಟಿನಿಂದ ಒಂದೇ ದಿಕ್ಕಿನಲ್ಲಿ ಎತ್ತಿ ಎತ್ತಿ ತಿರುವುತ್ತಾರೆ, ಸೌಟಿನಿಂದ ಮೊಳದುದ್ದ ಎಳೆ ಜಗ್ಗುವವರೆಗೆ. ಬಿಸಿ ಹೆಚ್ಚಾದರೆ ಎಳೆ ಕಡಿದು ಕೊಬ್ಬು ಬೇರೆಯಾಗುತ್ತದೆ. ಕಟ್ಟುನಿಟ್ಟಿನವರಿಗೆ ಒಂದು ಮಾತು: ಇಲ್ಲಿನ ಚೀಸುಗಳನ್ನು ಸಾಮಾನ್ಯವಾಗಿ ಕರುವಿನ ಜಠರದಿಂದ ತೆಗೆದ ರೆನೆಟ್ ಹಾಕಿಯೇ ಹೆಪ್ಪುಗಟ್ಟಿಸುತ್ತಾರೆ.

ಮೂರನೆಯ ದಿನ: ಗೊಲಿನ್ಯಾಕ್‌ನಿಂದ ಕೊಂಕ್, 21 ಕಿ.ಮೀ.

ಬೆಳಿಗ್ಗೆ ಏಳೂವರೆಗೆ ಹೊರಟರೆ ಮಧ್ಯಾಹ್ನ ಮೂರರ ಸುಮಾರಿಗೆ ಕೊಂಕ್. ಎಸ್ಪೆರಾಕ್ ಹಳ್ಳಿಯಲ್ಲಿ ಮೊದಲ ವಿಶ್ರಾಂತಿ, ಅದಾಗಿ ಸೆನೆರ್ಗ್. ಸೆನೆರ್ಗ್ ದಾಟಿದ ಮೇಲೆ ದಾರಿ ಬಹುಪಾಲು ದಿಬ್ಬದ ನೆತ್ತಿಯಲ್ಲೇ ಹೋಗುತ್ತದೆ: ಹುಲ್ಲುಗಾವಲು, ಹಸು, ತೆರೆದ ಆಕಾಶ. ಹತ್ತಿರದಲ್ಲೇ ಒಂದು ಯಾತ್ರಾಸ್ಥಳವಿದೆ ಎಂಬ ಸುಳಿವೂ ಇಲ್ಲ. ಸಾನ್ ಮಾರ್ಸೆಲ್ ಎಂಬ ಪುಟ್ಟ ಹಟ್ಟಿ ಕಳೆದದ್ದೇ ನೆಲ ಕಾಲಡಿಯಿಂದ ಜಾರತೊಡಗುತ್ತದೆ.

ಈ ಕೊನೆಯ ಇಳಿಜಾರೇ ಇಡೀ ದಾರಿಯ ಕಷ್ಟದ ಭಾಗ. ನೆಲ ಶಿಸ್ಟ್ ಎಂಬ ಪದರಗಲ್ಲು. ಪುಸ್ತಕದ ಹಾಳೆಯಂತೆ ಬಿಡಿಸಿಕೊಳ್ಳುವ ಕಲ್ಲು ಇದು. ಪದರಗಳು ಇಳಿಜಾರಿನತ್ತಲೇ ವಾಲಿರುವ ಕಡೆ ಮಳೆನೀರು ಅದರ ಮೇಲೆಯೇ ಹರಿದು ನುಣುಪಾಗಿರುತ್ತದೆ. ಹತ್ತೊಂಬತ್ತು ಕಿಲೋಮೀಟರ್ ನಡೆದು ದಣಿದ ಮೊಣಕಾಲು, ಊರು ಬಂತೆಂಬ ಅವಸರ, ಒದ್ದೆ ಕಲ್ಲು, ಈ ಮೂರೂ ಕೂಡಿದಾಗಲೇ ಕಾಲು ಉಳುಕುವುದು. ಇಳಿಯುವ ಮೊದಲು ಹತ್ತು ನಿಮಿಷ ಕೂತು, ಬೂಟಿನ ದಾರವನ್ನು ಕಣಕಾಲಿನ ಹತ್ತಿರ ಬಿಗಿಯಾಗಿ ಕಟ್ಟಿ, ಕೋಲಿನ ಉದ್ದವನ್ನು ನಾಲ್ಕು ಬೆರಳಿನಷ್ಟು ಹೆಚ್ಚಿಸಿಕೊಳ್ಳಿ. ದಾರ ಸಡಿಲಿದ್ದರೆ ಪಾದ ಮುಂದಕ್ಕೆ ಜಾರಿ ಹೆಬ್ಬೆರಳಿನ ಉಗುರು ಕಪ್ಪಾಗುತ್ತದೆ.

ಊರು ಕಾಣುವುದು ಒಮ್ಮೆಲೇ, ಅದೂ ಮೇಲಿನಿಂದ. ಮೊದಲು ಬೂದುಬಣ್ಣದ ಕಲ್ಲಿನ ಮಾಡುಗಳು, ಅವುಗಳ ನಡುವೆ ಮೂರು ಗೋಪುರ. ಕಣಿವೆಯ ಆಕಾರ ಅರ್ಧ ತೆರೆದ ಚಿಪ್ಪಿನಂತಿದೆ. ಲ್ಯಾಟಿನ್ನಿನ ಕಾಂಕಾ, ಅಂದರೆ ಚಿಪ್ಪು, ಎಂಬುದರಿಂದಲೇ ಊರಿಗೆ ಈ ಹೆಸರು. ಕನ್ನಡದ ಕಿವಿಗೆ ಅದು ಕೊಂಕು ಎಂದೇ ಕೇಳುತ್ತದೆ. ಎರಡಕ್ಕೂ ಸಂಬಂಧವಿಲ್ಲ ನಿಜ, ಆದರೆ ಒಂದೇ ಒಂದು ನೇರ ಬೀದಿ ಇಲ್ಲದ ಊರಿಗೆ ಹೆಸರು ಒಪ್ಪುತ್ತದೆ.

ಊಶ್ ಎಂಬ ತೊರೆ ಇಲ್ಲಿ ದೂರ್ದೂ ನದಿಯನ್ನು ಸೇರುತ್ತದೆ. ದೂರ್ದೂ ಮುಂದೆ ಗ್ರಾನ್ ವಾಬ್ರ್ ಬಳಿ ಲೊಟ್‌ಗೆ ಸೇರುತ್ತದೆ. ಎರಡು ಹೊಳೆಗಳು ಕೊರೆದ ಈ ಕಮರಿಯ ಬಿಸಿಲಿರುವ ಇಳಿಜಾರಿಗೆ ಊರು ಅಂಟಿಕೊಂಡಿದೆ. ಬಯಲು ಎಂಬುದೇ ಇಲ್ಲ. ಎಂಟನೇ ಶತಮಾನದ ಕೊನೆಯಲ್ಲಿ ದಾದೋನ್ ಎಂಬ ಏಕಾಂತವಾಸಿ ಇಲ್ಲಿ ನೆಲೆಸಿದ್ದೂ ಈ ಕಾರಣಕ್ಕೇ: ಯಾರೂ ಬಾರದ ಜಾಗ. ಅವನ ಸುತ್ತ ಮಠ ಬೆಳೆಯಿತು. ಫ್ರಾಂಕ್ ಚಕ್ರವರ್ತಿ ಶಾರ್ಲೆಮೇನ್‌ನ ಮಗ ಧರ್ಮಿಷ್ಠ ಲೂಯಿ 819ರಲ್ಲಿ ಕೊಟ್ಟ ಶಾಸನಪತ್ರದಲ್ಲಿ ಅದರ ಉಲ್ಲೇಖವಿದೆ. ಆದರೆ ಯಾರೂ ಬಾರದ ಜಾಗದಲ್ಲಿ ಮಠ ಬಾಳುವುದು ಹೇಗೆ? ಒಂಬತ್ತನೇ ಶತಮಾನದಲ್ಲೇ ಫಿಜ್ಯಾಕ್‌ನಲ್ಲಿ, ವಿಶಾಲವಾದ ಜಾಗದಲ್ಲಿ, ಪ್ರತಿಸ್ಪರ್ಧಿ ಮಠ ಎದ್ದಿತು. ಕೊಂಕ್‌ನವರಿಗೆ ಜನರನ್ನು ಸೆಳೆಯುವ ಒಬ್ಬ ಸಂತರು ಬೇಕಾದರು. ಸಿಗಲಿಲ್ಲ, ಕದ್ದು ತಂದರು.

ಆ ಸಂತೆ (ಹೆಣ್ಣು ಸಂತ) ಫ್ವಾ. ಹೆಸರಿನ ಅರ್ಥ ಶ್ರದ್ಧೆ. ಆಜಾಂ ಪಟ್ಟಣದ ಹನ್ನೆರಡರ ಹುಡುಗಿ. ರೋಮನ್ ಚಕ್ರವರ್ತಿ ಡಯೋಕ್ಲೀಷಿಯನ್‌ನ ಕಾಲದಲ್ಲಿ, 303ರ ಸುಮಾರಿಗೆ, ಹಳೆಯ ದೇವತೆಗಳಿಗೆ ಬಲಿ ಅರ್ಪಿಸಲು ಒಪ್ಪದ್ದಕ್ಕೆ ಅವಳನ್ನು ಕಾದ ಕಬ್ಬಿಣದ ಹಂದರದ ಮೇಲೆ ಮಲಗಿಸಿ, ಕೊನೆಗೆ ತಲೆ ಕಡಿದರೆಂದು ಕಥೆ. ಕೊಂಕ್‌ನ ಒಬ್ಬ ಸನ್ಯಾಸಿ ಆಜಾಂಗೆ ಹೋಗಿ, ಗುರುತು ಹೇಳದೆ ಹತ್ತು ವರ್ಷ ಅಲ್ಲಿನವರ ವಿಶ್ವಾಸ ಗಳಿಸಿ, ಸಮಾಧಿಯ ಕಾವಲು ತನಗೇ ಬಂದ ಮೇಲೆ ಅಸ್ಥಿಗಳನ್ನು ಹೊತ್ತು ತಂದನೆಂಬುದು ಮಠದವರೇ ಬರೆದಿಟ್ಟ ವಿವರ. ವಾಡಿಕೆಯ ಲೆಕ್ಕದಲ್ಲಿ ಅದು 866. ಇದನ್ನು ಅವರು ಮುಚ್ಚಿಡಲಿಲ್ಲ. ಸಂತೆಗೆ ಬರಲು ಮನಸ್ಸಿಲ್ಲದಿದ್ದರೆ ಕಳವು ಕೈಗೂಡುತ್ತಿರಲಿಲ್ಲ ಎಂಬುದು ಆ ಕಾಲದ ತರ್ಕ. ಕುರುಡರಿಗೆ ಕಣ್ಣು, ಸೆರೆಯಾಳುಗಳಿಗೆ ಬಿಡುಗಡೆ ಕೊಡುವವಳೆಂದು ಅವಳ ಖ್ಯಾತಿ ಹರಡಿ, ಸಾಂತಿಯಾಗೊಗೆ ಹೋಗುವವರೆಲ್ಲ ಇಲ್ಲಿ ನಿಂತು ಹೋಗತೊಡಗಿದರು.

ಸಂಜೆಯ ಕ್ರಮ ಹೀಗೆ. ಮಠವನ್ನು 1873ರಿಂದ ನೋಡಿಕೊಳ್ಳುತ್ತಿರುವುದು ಪ್ರೆಮೊಂತ್ರೆ ಪಂಥದ ಸಹೋದರರು. ಅವರು ನಡೆಸುವ ಯಾತ್ರಿಕರ ತಂಗುದಾಣ ಇಗರ್ಜಿಯ ಬೆನ್ನಿಗೇ ಇದೆ. ರಾತ್ರಿ ಎಂಟೂವರೆಯ ಹೊತ್ತಿಗೆ ದಿನದ ಕೊನೆಯ ಪ್ರಾರ್ಥನೆ, ಮರುದಿನ ಹೊರಡುವ ಯಾತ್ರಿಕರಿಗೆ ಆಶೀರ್ವಾದ. ನಡೆಯುವ ಕಾಲದಲ್ಲಿ ಅದರ ಹಿಂದೆಯೇ ಒಬ್ಬ ಸಹೋದರ ಹೊರಗೆ ಬಂದು ಮುಂಬಾಗಿಲಿನ ಕೆತ್ತನೆಯನ್ನು ವಿವರಿಸುತ್ತಾರೆ, ಫ್ರೆಂಚ್‌ನಲ್ಲಿ. ಆಮೇಲೆ ಒಳಗೆ ಆರ್ಗನ್ ವಾದನ. ಅಷ್ಟು ಹೊತ್ತು ಮೇಲಿನ ಮೊಗಸಾಲೆಗೆ ಹತ್ತಲು ಬಿಡುತ್ತಾರೆ. ಹಗಲಿನಲ್ಲಿ ಕೆಳಗಿನಿಂದ ಕಾಣದ ಬೋದಿಗೆಗಳು, ಅಂದರೆ ಕಂಬದ ತಲೆಯ ಕೆತ್ತನೆಗಳು, ಅಲ್ಲಿ ಕೈಗೆಟಕುವ ದೂರದಲ್ಲಿವೆ. ವೇಳೆ ಋತುವಿಗೆ ತಕ್ಕಂತೆ ಬದಲಾಗುತ್ತದೆ, ಸ್ವಾಗತ ಕಚೇರಿಯಲ್ಲಿ ಕೇಳಿಕೊಳ್ಳಿ. ಎಷ್ಟೇ ದಣಿವಾಗಿದ್ದರೂ ಇದನ್ನು ತಪ್ಪಿಸಬೇಡಿ.

ನಾಲ್ಕನೆಯ ದಿನ: ಊರೊಳಗೆ

ಬೆಳಿಗ್ಗೆ ಬೇಗ ಇಗರ್ಜಿಯ ಒಳಗೆ. ಮೊದಲು ಕಾಣುವುದು ಎತ್ತರ. ನಡು ಅಂಕಣದ ಕಮಾನು 22 ಮೀಟರ್ ಮೇಲಿದೆ, ಅಗಲವೋ ಸುಮಾರು 7 ಮೀಟರ್ ಅಷ್ಟೆ. ಉದ್ದ 56 ಮೀಟರ್; ಯಾತ್ರಾಪಥದ ಇತರ ದೊಡ್ಡ ಇಗರ್ಜಿಗಳ ಮುಂದೆ ಇದು ಗಿಡ್ಡ. ಇಳಿಜಾರಿನಲ್ಲಿ ಉದ್ದಕ್ಕೆ ಜಾಗವಿರಲಿಲ್ಲ, ಮೇಲಕ್ಕೆ ಹೋದರು. ಮಠಾಧಿಪತಿ ಒದೊಲ್ರಿಕ್ ಹನ್ನೊಂದನೇ ಶತಮಾನದ ನಡುವಿನಲ್ಲಿ ಆರಂಭಿಸಿದ ಕೆಲಸ ಮುಗಿದದ್ದು ಹನ್ನೆರಡನೆಯದರ ಮೊದಲ ಪಾದದಲ್ಲಿ.

ಕಟ್ಟಡದ ಜಾಣ್ಮೆ ಪಕ್ಕದಲ್ಲಿದೆ. ಕಲ್ಲಿನ ಅರ್ಧಗೊಳವೆಯಂಥ ಚಾವಣಿ ತನ್ನ ಭಾರದಿಂದ ಎರಡೂ ಗೋಡೆಗಳನ್ನು ಹೊರಕ್ಕೆ ತಳ್ಳುತ್ತದೆ. ಅದನ್ನು ತಡೆಯಲು ಪಕ್ಕದ ಅಂಕಣಗಳ ಮೇಲೆ ಮೊಗಸಾಲೆ ಕಟ್ಟಿ, ಅದರ ಚಾವಣಿಯನ್ನು ಕಾಲುಗೊಳವೆಯಾಕಾರದಲ್ಲಿ ನಡುಗೋಡೆಗೆ ಆನಿಸಿದ್ದಾರೆ, ವಾಲುವ ಗೋಡೆಗೆ ಹೆಗಲು ಕೊಟ್ಟಂತೆ. ಬೆಳಕು ಬರುವುದು ಈ ಮೊಗಸಾಲೆ ಮತ್ತು ಪಕ್ಕದ ಅಂಕಣಗಳ ಕಿಟಕಿಗಳಿಂದ. ಗರ್ಭಭಾಗದ ಸುತ್ತ ಪ್ರದಕ್ಷಿಣಾ ಪಥವಿದೆ: ಪೂಜೆಗೆ ಅಡ್ಡಿಯಾಗದಂತೆ ಯಾತ್ರಿಕರ ಸಾಲು ಸಂತೆಯ ಅಸ್ಥಿಗಳ ಸುತ್ತ ಬರಲು.

ಆ ಪಥದ ಕಬ್ಬಿಣದ ಜಾಲರಿಯ ಮುಂದೆ ಐದು ನಿಮಿಷ ನಿಲ್ಲಿ. ಬಿಡುಗಡೆಯಾದ ಸೆರೆಯಾಳುಗಳು ಹರಕೆಯಾಗಿ ತಂದೊಪ್ಪಿಸಿದ ಬೇಡಿ ಸರಪಳಿಗಳನ್ನು ಕಾಯಿಸಿ ಬಡಿದು ಮಾಡಿದ್ದೆಂದು ಪ್ರತೀತಿ. ಕಬ್ಬಿಣದ ಪಟ್ಟಿಗಳನ್ನು ಸುರುಳಿ ಸುತ್ತಿ, ಬೆನ್ನಿಗೆ ಬೆನ್ನು ಜೋಡಿಸಿ, ಸಣ್ಣ ಕಬ್ಬಿಣದ ಕೊರಳಪಟ್ಟಿಯಿಂದ ಬಿಗಿದಿದ್ದಾರೆ. ಪಟ್ಟಿಯನ್ನು ಕೆಂಪಗೆ ಕಾದಾಗ ಸುತ್ತಿದರೆ ಆರುತ್ತಾ ತಾನೇ ಕುಗ್ಗಿ ಹಿಡಿದುಕೊಳ್ಳುತ್ತದೆ. ಮೇಲ್ತುದಿಯಲ್ಲಿ ಚೂಪು ಮುಳ್ಳುಗಳು. ಕದ್ದು ತಂದವರಿಗೆ ಕಳವಿನ ಭಯ ಚೆನ್ನಾಗಿ ಗೊತ್ತಿತ್ತು.

ಇನ್ನು ಕಿಟಕಿಗಳು. ಒಟ್ಟು 104. ಸೂಲಾಜ್ 1987ರಿಂದ 1994ರವರೆಗೆ ಟುಲೂಸಿನ ಗಾಜುಕುಶಲಿ ಜಾನ್ ದೊಮಿನಿಕ್ ಫ್ಲೆರಿ ಅವರೊಂದಿಗೆ ಇವನ್ನು ಮಾಡಿದರು. ಬಣ್ಣವಿಲ್ಲ, ಚಿತ್ರವಿಲ್ಲ. ಅವರಿಗೆ ಬೇಕಾಗಿದ್ದದ್ದು ಬೆಳಕನ್ನು ಬಿಡುವ, ಆದರೆ ಹೊರಗಿನದನ್ನು ತೋರಿಸದ ಗಾಜು. ಮಾರುಕಟ್ಟೆಯಲ್ಲಿ ಅಂಥದ್ದು ಇರಲಿಲ್ಲ. ಗಾಜಿನ ಹರಳುಗಳನ್ನು ಕಾವಿನಲ್ಲಿ ಬೆಸೆಯುವಾಗ ಕೆಲವೆಡೆ ಹೆಚ್ಚು, ಕೆಲವೆಡೆ ಕಡಿಮೆ ಮಂಜಾಗುವಂತೆ ಮಾಡುವ ಕ್ರಮ ಸಿಗುವವರೆಗೆ ಪ್ರಯೋಗದ ಮೇಲೆ ಪ್ರಯೋಗ ನಡೆಸಿದರು. ಹೀಗಾಗಿ ಒಂದೇ ಕಿಟಕಿಯಲ್ಲಿ ಬೆಳಕು ದಟ್ಟವಾಗಿಯೂ ತೆಳುವಾಗಿಯೂ ಇಳಿಯುತ್ತದೆ. ಸೀಸದ ಗೆರೆಗಳು ಅಡ್ಡವೂ ಅಲ್ಲ, ನೆಟ್ಟಗೂ ಅಲ್ಲ. ಓರೆಯಾಗಿ ಬಾಗಿ ಏರುತ್ತವೆ. ನೆಟ್ಟ ಕಂಬ, ಅಡ್ಡ ಪಟ್ಟಿಗಳಿಂದಲೇ ಕಟ್ಟಿದ ಕಟ್ಟಡದಲ್ಲಿ ಆ ಒಂದು ಬಾಗು ಕಣ್ಣಿಗೆ ಹಿತ. ಬೆಳಿಗ್ಗೆ ಏಳಕ್ಕೆ ಪೂರ್ವದ ಗಾಜು ಜೇನಿನಂತೆ ಬೆಚ್ಚಗಿದ್ದರೆ ನೆರಳಿನ ಕಡೆಯದು ನೀಲಿ. ಮಧ್ಯಾಹ್ನ ಮತ್ತೆ ಬಂದರೆ ಅದಲು ಬದಲು. ಹೊರಗಿನಿಂದ ನೋಡಿದಾಗ ಎಲ್ಲವೂ ತಣ್ಣನೆಯ ನೀಲಿ ಬೂದು. ಇವು ಬರುವ ಮೊದಲು ಇಲ್ಲಿ ಬಣ್ಣದ ಚಿತ್ರಗಾಜುಗಳಿದ್ದವು. ಬದಲಾವಣೆಗೆ ಊರಿನಲ್ಲೇ ವಿರೋಧವಿತ್ತು. ಈಗ ಜನ ಬರುವುದೇ ಇವಕ್ಕಾಗಿ.

ಹತ್ತೂವರೆಗೆ ನಿಧಿ ಸಂಗ್ರಹಾಲಯ, ಬಸ್ಸುಗಳು ಬರುವ ಮುಂಚೆ. ನಡುವಿನ ಕೋಣೆಯಲ್ಲಿ ಒಬ್ಬಳೇ ಕೂತಿದ್ದಾಳೆ: 85 ಸೆಂಟಿಮೀಟರ್ ಎತ್ತರದ ಸಂತೆ ಫ್ವಾ. ಒಳಗೆ ಯೂ ಮರದ ದಿಮ್ಮಿ, ಮೇಲೆ ಚಿನ್ನದ ತಗಡು, ಅದರ ಮೇಲೆ ಶತಮಾನಗಳ ಕಾಣಿಕೆ: ಹರಳು, ಮುತ್ತು, ರೋಮನ್ ಕಾಲದ ಕೆತ್ತನೆಕಲ್ಲು. ತಲೆ ಮಾತ್ರ ಬೇರೆ. ಮೈಗೆ ದೊಡ್ಡದಾಯಿತು, ಗಲ್ಲ ಭಾರವಾಯಿತು, ಹುಡುಗಿಯದಲ್ಲವೇ ಅಲ್ಲ ಅನ್ನಿಸುತ್ತದೆ. ಅದು ರೋಮನ್ ಸಾಮ್ರಾಜ್ಯದ ಕೊನೆಗಾಲದ ಚಿನ್ನದ ತಲೆ. ತಂದು ಇಲ್ಲಿ ಕೂರಿಸಿದ್ದಾರೆ. ಕೈಮುಗಿದು ನಿಂತವರನ್ನು ನೆಟ್ಟ ನೀಲಿ ಕಣ್ಣುಗಳಿಂದ ನೋಡುವ ಇಂಥ ಮೂರ್ತಿಗಳು ಆ ಕಾಲದ ಉತ್ತರ ಫ್ರಾನ್ಸಿನ ಕ್ರೈಸ್ತರಿಗೆ ಹೊಸದು. ಆಂಜೆಯ ಪಂಡಿತ ಬರ್ನಾರ್ 1013ರಲ್ಲಿ ಇಲ್ಲಿಗೆ ಬಂದಾಗ ಇದನ್ನು ಹಳೆಯ ರೋಮನ್ ದೇವತೆಗಳಾದ ವೀನಸ್, ಡಯಾನಾ ವಿಗ್ರಹಗಳ ಸಾಲಿಗೆ ಸೇರಿಸಿ ನಕ್ಕಿದ್ದ. ಕೊನೆಗೆ ಅವಳ ಪವಾಡಗಳನ್ನು ಬರೆದಿಟ್ಟವನೂ ಅವನೇ. ಮೂರ್ತಿ ಅಸ್ಥಿಕರಂಡಕವೂ ಹೌದು, ಸಂತೆಯ ತಲೆಬುರುಡೆಯ ಭಾಗ ಅದರೊಳಗಿದೆ.

ಇಷ್ಟೊಂದು ಚಿನ್ನ ಫ್ರೆಂಚ್ ಕ್ರಾಂತಿಯ ಮೂಸೆಗೆ ಬೀಳದೆ ಉಳಿದದ್ದು ಊರಿನವರಿಂದ. ರಾತ್ರೋರಾತ್ರಿ ಒಡವೆಗಳನ್ನು ಹಂಚಿಕೊಂಡು ಮನೆ, ತೋಟಗಳಲ್ಲಿ ಬಚ್ಚಿಟ್ಟು, ಗಲಾಟೆ ತಣಿದ ಮೇಲೆ ತಂದೊಪ್ಪಿಸಿದರು. ಅದೇ ಊರಿನವರು ಬಿದ್ದುಹೋಗುತ್ತಿದ್ದ ಮಠದ ಒಳಪ್ರಾಂಗಣದ ಕಲ್ಲುಗಳನ್ನು ಮಾತ್ರ ತಮ್ಮ ಗೋಡೆಗಳಿಗೆ ಒಯ್ದರು. ಸ್ಮಾರಕಗಳ ತನಿಖಾಧಿಕಾರಿ ಪ್ರೊಸ್ಪೆರ್ ಮೆರಿಮೆ 1837ರಲ್ಲಿ ಬಂದು ವರದಿ ಕೊಡುವ ಹೊತ್ತಿಗೆ ಪ್ರಾಂಗಣದ ಬಹುಪಾಲು ಇರಲಿಲ್ಲ. ಉಳಿದದ್ದು ಒಂದು ಬದಿಯ ಕಮಾನುಸಾಲು, ಹಸಿರು ಸರ್ಪಶಿಲೆಯ ದೊಡ್ಡ ನೀರಿನ ಬಾನಿ, ಮತ್ತು ಕೆಲವು ಬೋದಿಗೆಗಳು. ಅವುಗಳಲ್ಲೊಂದರ ಮೇಲಿನ ಕೆತ್ತನೆ ಇದು: ಗೋಡೆಯ ಹಿಂದಿನಿಂದ ಸಾಲಾಗಿ ಇಣುಕುವ ಗಾರೆಯವರು, ಕೈಯಲ್ಲಿ ಉಪಕರಣ, ಒಬ್ಬನ ಬಾಯಲ್ಲಿ ಕೊಂಬು. ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ, ಹುಡುಕಬೇಕು.

ಮಧ್ಯಾಹ್ನದ ಊಟದ ನಂತರ ಬೀದಿ ಸುತ್ತಿ. ಗೋಡೆಗಳಲ್ಲಿ ಮೂರು ಕಲ್ಲು ಗುರುತಿಸಬಹುದು: ಮನೆಗಳಿಗೆ ಮತ್ತು ಒರಟು ಗೋಡೆಗೆ ಸ್ಥಳದ್ದೇ ಬೂದು ಶಿಸ್ಟ್, ಅಲ್ಲಲ್ಲಿ ಕೆಂಪು ಮರಳುಗಲ್ಲು, ಕೆತ್ತನೆಗೂ ಇಗರ್ಜಿಯ ಮುಖ್ಯ ಭಾಗಕ್ಕೂ ಹೊರಗಿನಿಂದ ತಂದ ಹಳದಿ ಸುಣ್ಣಕಲ್ಲು. ಕೈಯಲ್ಲಿ ದುಡ್ಡಿದ್ದ ಕಡೆಯೆಲ್ಲ ಹಳದಿ ಎಂದು ಲೆಕ್ಕ. ಮಾಡಿನ ಶಿಸ್ಟ್ ಹಲಗೆಗೆ ಲೋಜ್ ಎನ್ನುತ್ತಾರೆ. ಕೆಳಅಂಚಿನಲ್ಲಿ ದೊಡ್ಡ ಹಲಗೆ, ಮೇಲೇರಿದಂತೆ ಚಿಕ್ಕದು, ನೆತ್ತಿಯಲ್ಲಿ ಅಂಗೈಯಷ್ಟು. ಮೀನಿನ ಹುರುಪೆಯಂತೆ ಒಂದರ ಮೇಲೊಂದು. ನೀರು ಹೆಚ್ಚು ಸೇರುವುದು ಕೆಳಗೆ, ಅಲ್ಲಿ ಸಂದು ಕಡಿಮೆಯಿರಬೇಕು ಎಂಬುದು ಲೆಕ್ಕಾಚಾರ. ಭಾರ ವಿಪರೀತ, ಹಾಗಾಗಿ ತೊಲೆಗಳು ದಪ್ಪ ಓಕ್. ಒಂದು ತೊಲೆ ಕುಸಿದರೆ ಇಡೀ ಮಾಡು ಬಿಚ್ಚಬೇಕು.

ನಾಲ್ಕು ಗಂಟೆಗೆ ಇಗರ್ಜಿಯ ಮುಂದಿನ ಚೌಕಕ್ಕೆ ಮರಳಿ. ಈಗ ಬಿಸಿಲು ಮುಂಬಾಗಿಲಿನ ಮೇಲಿದೆ. 6.70 ಮೀಟರ್ ಅಗಲ, 3.60 ಮೀಟರ್ ಎತ್ತರದ ಅರ್ಧವೃತ್ತದಲ್ಲಿ 124 ಆಕೃತಿಗಳ ಕೊನೆಯ ತೀರ್ಪು, ಲೋಕಾಂತ್ಯದಲ್ಲಿ ಕ್ರಿಸ್ತ ಜನರನ್ನು ಸ್ವರ್ಗಕ್ಕೋ ನರಕಕ್ಕೋ ಕಳಿಸುವ ದೃಶ್ಯ. ಒಮ್ಮೆಗೇ ನೋಡಿದರೆ ಗೊಂದಲ. ನಡುವಿನಿಂದ ಆರಂಭಿಸಿ. ಕ್ರಿಸ್ತನ ಬಲಗೈ ಮೇಲೆ, ಎಡಗೈ ಕೆಳಗೆ. ಆ ಎರಡು ಕೈಗಳೇ ಇಡೀ ಕೆತ್ತನೆಯನ್ನು ಎರಡು ಪಾಲು ಮಾಡುತ್ತವೆ. ನಮ್ಮ ಎಡಕ್ಕೆ ಮೆರವಣಿಗೆ: ಮರಿಯಾ, ಪೀಟರ್, ಅವರ ಹಿಂದೆ ಒಬ್ಬ ಮಠಾಧಿಪತಿ ಶಾರ್ಲೆಮೇನ್‌ನನ್ನು ಕೈಹಿಡಿದು ನಡೆಸುತ್ತಿದ್ದಾನೆ. ಚಕ್ರವರ್ತಿಯಾದರೂ ಮಠಕ್ಕೆ ಕೊಟ್ಟ ದಾನದ ಬಲದಿಂದಲೇ ಒಳಗೆ ಹೋಗುತ್ತಿರುವುದು ಎಂಬ ಸೂಚನೆ. ಅದರ ಕೆಳಗೆ ಸಂತೆ ಫ್ವಾ ಮೊಣಕಾಲೂರಿ ಬಾಗಿದ್ದಾಳೆ, ಮೋಡದಿಂದ ಇಳಿದ ದೇವರ ಕೈ ಅವಳತ್ತ ಚಾಚಿದೆ, ಹಿಂದಿನ ತೊಲೆಯಿಂದ ಬೇಡಿಗಳು ತೂಗುತ್ತಿವೆ. ಬೆಳಿಗ್ಗೆ ನೋಡಿದ ಜಾಲರಿಯ ಕಥೆ ಇದೇ.

ಕ್ರಿಸ್ತನ ಪಾದದ ಕೆಳಗೆ ತಕ್ಕಡಿ. ಒಂದು ಕಡೆ ದೇವದೂತ ಮೈಕೇಲ್, ಇನ್ನೊಂದು ಕಡೆ ಪಿಶಾಚಿ. ತಟ್ಟೆಯನ್ನು ಬೆರಳಿನಿಂದ ಒತ್ತಿ ತೂಕ ಹೊಡೆಯಲು ಪಿಶಾಚಿಯ ಹವಣಿಕೆ. ವಾರದ ಸಂತೆಯ ಅಂಗಡಿಗಳನ್ನು ಕಂಡವರಿಗೆ ವಿವರಣೆ ಬೇಡ. ಕೆಳಗೆ ಎರಡು ಬಾಗಿಲು ಪಕ್ಕಪಕ್ಕದಲ್ಲೇ. ಸ್ವರ್ಗದ್ದರಲ್ಲಿ ದೇವದೂತ ಕೈಹಿಡಿದು ಬರಮಾಡಿಕೊಳ್ಳುತ್ತಾನೆ, ಒಳಗೆ ಕಮಾನುಗಳಡಿ ಎಲ್ಲರೂ ಸಾಲಾಗಿ, ಶಾಂತವಾಗಿ. ಮತ್ತೊಂದರಲ್ಲಿ ಒಂದು ಮಹಾಮೃಗದ ಬಾಯಿ, ಒಳಕ್ಕೆ ತಳ್ಳುವ ಪಿಶಾಚಿ. ಶಿಲ್ಪಿಗೆ ಹುಮ್ಮಸ್ಸು ಬಂದಿರುವುದು ನರಕದಲ್ಲೇ ಎನ್ನಬೇಕು. ಕುದುರೆಯಿಂದ ತಲೆಕೆಳಗಾಗಿ ಬೀಳುತ್ತಿರುವ ಸವಾರ, ಕೊರಳಲ್ಲಿ ಹಣದ ಚೀಲ ತೂಗಿ ನೇಣಿಗೆ ಬಿದ್ದ ಜಿಪುಣ, ಮೊಲ ಹಿಡಿದವನನ್ನೇ ಕಂಬಿಗೆ ಕಟ್ಟಿ ಸುಡುತ್ತಿರುವ ಮೊಲ. ಬಲೆಗೆ ಬಿದ್ದ ಮಠದವರೂ ಇದ್ದಾರೆ, ದಂಡದ ಸಮೇತ, ತಮ್ಮವರನ್ನೂ ಬಿಟ್ಟಿಲ್ಲ. ಅಡಿಪಟ್ಟಿಯ ಲ್ಯಾಟಿನ್ ಸಾಲು ಹೇಳುವುದು: ಪಾಪಿಗಳೇ, ನಡತೆ ತಿದ್ದಿಕೊಳ್ಳದಿದ್ದರೆ ಕಠಿಣ ತೀರ್ಪು ಕಾದಿದೆಯೆಂದು ತಿಳಿಯಿರಿ. ಹೊರ ಅಂಚಿನ ಕಮಾನಿನಲ್ಲಿ ಸುರುಳಿ ಪಟ್ಟಿಯ ಹಿಂದಿನಿಂದ ಸಣ್ಣ ಮುಖಗಳು ಮೂಗು ಬೆರಳು ಮಾತ್ರ ಕಾಣುವಂತೆ ಇಣುಕುತ್ತಿವೆ. ಇವರಿಗೆ ಕುತೂಹಲಿಗಳೆಂದೇ ಹೆಸರು. ಒಳ್ಳೆಯ ಬಿಸಿಲಿದ್ದರೆ ನೀಲಿ, ಕೆಂಪು ಬಣ್ಣದ ಕುರುಹುಗಳೂ ಕಾಣುತ್ತವೆ. ಚಿಕ್ಕ ದುರ್ಬೀನು ತಂದವರು ಜಾಣರು.

ಐದನೆಯ ದಿನ: ಸೇತುವೆ, ಏರು, ರೈಲು

ಶಾರ್ಲೆಮೇನ್ ಬೀದಿ ಹಿಡಿದು ಬಾರಿ ಹೆಬ್ಬಾಗಿಲು ದಾಟಿ ಕೆಳಗಿಳಿದರೆ ದೂರ್ದೂ ಮೇಲಿನ ಯಾತ್ರಿಕರ ಸೇತುವೆ. ಊರವರು ಪೊಂ ರೊಮಾಂ, ಅಂದರೆ ರೋಮನ್ ಸೇತುವೆ, ಎನ್ನುತ್ತಾರೆ. ರೋಮನ್ನರ ಕಾಲದ್ದಲ್ಲ, ದಕ್ಷಿಣ ಫ್ರಾನ್ಸಿನ ಹಳೆಯ ನುಡಿಯಾದ ಆಕ್ಸಿತಾನ್‌ನಲ್ಲಿ ಯಾತ್ರಿಕ ಎಂಬರ್ಥದ ಪದ ಬಾಯಿಂದ ಬಾಯಿಗೆ ಸವೆದು ಹಾಗಾಗಿದೆ. ಫ್ರಾನ್ಸಿನ ಸಾಂತಿಯಾಗೊ ದಾರಿಗಳು 1998ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದಾಗ ಇಗರ್ಜಿಯೊಂದಿಗೆ ಈ ಸೇತುವೆಯೂ ಸೇರಿತು.

ಸೇತುವೆ ದಾಟಿದ ಕೂಡಲೇ ಏರು. ಮೊನ್ನೆ ಇಳಿದಷ್ಟನ್ನೂ ಇಂದು ಎದುರು ಗುಡ್ಡದಲ್ಲಿ ಹತ್ತಬೇಕು. ಬೆಳಗಿನ ತಿಂಡಿ ಹಗುರವಾಗಿರಲಿ, ಲೀಟರೂವರೆ ನೀರು ಕೈಯಲ್ಲಿರಲಿ. ಅರ್ಧ ದಾರಿಯಲ್ಲಿ ಸಂತೆ ಫ್ವಾಳ ಪುಟ್ಟ ಗುಡಿ, ಕಣ್ಣಿಗೆ ಒಳ್ಳೆಯದೆಂದು ಹೆಸರಾದ ಒಂದು ಬುಗ್ಗೆ. ಹತ್ತಿ ಬಂದವರು ಇಲ್ಲಿನ ಗಂಟೆಯ ಹಗ್ಗ ಎಳೆಯುತ್ತಾರೆ, ಸದ್ದು ಕಣಿವೆಯಾಚೆಗೂ ಕೇಳುತ್ತದೆ. ಊರು ಇಡಿಯಾಗಿ ಕಾಣುವುದೂ ಇಲ್ಲಿಂದಲೇ. ಒಳಗಿದ್ದಾಗ ಚಿಪ್ಪು ಕಾಣುವುದಿಲ್ಲ.

ಮೇಲೇರಿ ನೊಆಯಾಕ್ ಕಡೆ ತಿರುಗಿದರೆ ಕಾಡು ಬಿಟ್ಟು ಹುಲ್ಲು ಬರುತ್ತದೆ, ಮುಂದೆ ದೆಕಾಜ್‌ವಿಲ್. ಕೊಂಕ್‌ನಿಂದ ಅಲ್ಲಿಗೆ ಸುಮಾರು 20 ಕಿ.ಮೀ. ಕಲ್ಲಿದ್ದಲು, ಉಕ್ಕಿಗಾಗಿ ಹತ್ತೊಂಬತ್ತನೇ ಶತಮಾನದಲ್ಲಿ ಹುಟ್ಟಿದ ಪಟ್ಟಣ ಇದು. ಕೊನೆಯ ತೆರೆದ ಗಣಿ 2001ರಲ್ಲಿ ಮುಚ್ಚಿತು. ಆ ದೊಡ್ಡ ಗುಳಿ ಈಗಲೂ ಇದೆ. ಪಟ್ಟಣದ ಆಚೆ ವಿವಿಯೆ ನಿಲ್ದಾಣದಿಂದ ರೊಡೆಜ್‌ಗೆ ರೈಲು. ದಿನಕ್ಕೆ ಕೆಲವೇ ಗಾಡಿ, ಸಂಜೆಯದು ತಪ್ಪಿದರೆ ರಾತ್ರಿ ಅಲ್ಲೇ. ಹಾಗಾಗಿ ಬೆಳಿಗ್ಗೆ ಏಳಕ್ಕೇ ಸೇತುವೆ ದಾಟಿರಬೇಕು.